ಔಟ್ ಆದವರನ್ನ ವಾಪಸ್ ಕರೆದ ಕ್ಯಾಪ್ಟನ್

ನನಗಾಗ 12 ವರ್ಷ, ಬೇಸಿಗೆ ರಜೆಯ ಕ್ರಿಕೆಟ್ ಕ್ಯಾಂಪ್. ನಾನು ಕೀಪರ್. ಬಾಲ್ ಬ್ಯಾಟಿಗೆ ತಾಗಿಲ್ಲ ಅಂತ ಗೊತ್ತಿದ್ದೂ ಕಿರುಚಿ ಅಪೀಲ್ ಮಾಡಿದೆ. ಔಟ್ ಕೊಟ್ರು. ಆ ಹುಡುಗ ಅಳ್ತಾ ಹೋದ. ಸಂಜೆ ನಮ್ಮ ಕೋಚ್ ಬೈಲಿಲ್ಲ, ಒಂದು ಕಥೆ ಹೇಳಿದ್ರು.

1980ರ ಫೆಬ್ರವರಿ, ಬಾಂಬೆಯ ವಾಂಖೆಡೆ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳ್ಕೊಂಡಿತ್ತು. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ರು ಅಂತ ಅಂಪೈರ್ ಬೆರಳೆತ್ತಿದರು. ನಮ್ಮ ಕ್ಯಾಪ್ಟನ್ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಬ್ಯಾಟಿಗೆ ತಾಗಿಲ್ಲ ಅಂತ ಅವರಿಗೆ ಅನ್ನಿಸ್ತು. ಅಂಪೈರ್ ಹತ್ರ ಮಾತಾಡಿ ಟೇಲರ್ ಅವರನ್ನ ವಾಪಸ್ ಆಡಿಸಿದರು. ಟೇಲರ್, ಬೋಥಮ್ ಸೇರಿ 171 ರನ್ ಜೊತೆಯಾಟ ಆಡಿದ್ರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ನಾನು ಬಿಕಾಂ ಓದಿದವನು. ಲೆಕ್ಕದ ಪುಸ್ತಕದಲ್ಲಿ ಇದು ಶುದ್ಧ ನಷ್ಟ. ಆದರೂ ವಿಶ್ವನಾಥ್ ಅಂದ್ರೆ ಸ್ಕ್ವೇರ್ ಕಟ್ ಜೊತೆ ಇದನ್ನೂ ಜನ ನೆನೀತಾರೆ.

ಮರುದಿನ ಕೋಚ್ ಹೊಸ ಆಟ ಶುರು ಮಾಡಿದ್ರು: ಅಂಪೈರೇ ಇಲ್ಲ, ಔಟೋ ಅಲ್ವೋ ನಾವೇ ಹೇಳಬೇಕು. ಎರಡನೇ ಬಾಲ್ ನನ್ನ ಬ್ಯಾಟ್ ಸವರಿಕೊಂಡು ಕೀಪರ್ ಕೈಗೆ ಹೋಯ್ತು. ಯಾರಿಗೂ ಕೇಳಿಸಿರಲಿಲ್ಲ. ಹೊಟ್ಟೆ ಉರೀತಿತ್ತು, ಆದರೂ ನಡೆದು ಬಂದೆ.

ನೀವಾಗಿದ್ರೆ?