ಕೀಬೋರ್ಡ್ ಕಾರ್ಡ್ಸ್ ವಾದನ (ಪುತ್ತೂರು, ಸುಳ್ಯ, ಕಡಬ)

ಬಲಗೈ ಹಾಡಿನ ಧಾಟಿ ನುಡಿಸುವಾಗ ಎಡಗೈ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ಆಸರೆ ಕೊಡುವ ಕ್ರಮ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ ಮತ್ತು ಅವೆರಡರ ಗ್ರಾಮಗಳಿಂದ 2018ರಲ್ಲಿ ರೂಪುಗೊಂಡ ಕಡಬ ತಾಲೂಕುಗಳಲ್ಲಿ ಇದು ಭಜನಾ ಮಂದಿರ, ರಸಮಂಜರಿ ವೇದಿಕೆ, ಚರ್ಚಿನ ಗಾಯನವೃಂದಗಳಲ್ಲಿ ಕೇಳಿಬರುತ್ತದೆ.

ಇದಕ್ಕೆ ಮೊದಲಿದ್ದುದು ಹಾರ್ಮೋನಿಯಂ. ಪ್ಯಾರಿಸಿನ ಅಲೆಕ್ಸಾಂಡರ್ ದೆಬೆನ್ 1840ರ ದಶಕದಲ್ಲಿ ಪೇಟೆಂಟ್ ಪಡೆದ ವಾದ್ಯಕ್ಕೆ ಕಾಲಿನಿಂದ ಗಾಳಿ ತುಂಬಬೇಕಿತ್ತು. ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲದಲ್ಲಿ ಕುಳಿತು ನುಡಿಸುವಂತೆ ಕೈತಿದಿಗೆ ತಂದರು. ಭಜನೆಗೆ ಇದು ಒಗ್ಗಿತು. ಆದರೆ ಎಡಗೈ ತಿದಿಗೆ ಕಟ್ಟುಬಿದ್ದಿತು, ಕಾರ್ಡ್ಸ್ ಹಿಡಿಯಲು ಕೈ ಉಳಿಯಲಿಲ್ಲ. ಯಕ್ಷಗಾನದಲ್ಲಿ ಹಾರ್ಮೋನಿಯಂ ಶ್ರುತಿಗಷ್ಟೇ ಸೀಮಿತವಾಯಿತು. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆಗೆ ಸೇರಿಸಿಕೊಂಡದ್ದೂ ರಾಗದ ಎಳೆ ಹಿಡಿದು ಸಾಗುವ ಪಿಟೀಲು, ಸ್ಯಾಕ್ಸೋಫೋನುಗಳನ್ನೇ.

ವಿದ್ಯುತ್ ಕೀಬೋರ್ಡಿನಿಂದ ಎಡಗೈಗೆ ಬಿಡುಗಡೆ ಸಿಕ್ಕಿತು. 1980ರಲ್ಲಿ ಕ್ಯಾಸಿಯೋ ಕಂಪನಿಯ ಕ್ಯಾಸಿಯೋಟೋನ್ ಕೀಬೋರ್ಡ್ ಮಾರುಕಟ್ಟೆಗೆ ಬಂದ ಮೇಲೆ ಅಗ್ಗದ ವಾದ್ಯಗಳು ಸಾಲಾಗಿ ಬಂದವು. ಪುತ್ತೂರು ನರಸಿಂಹ ನಾಯಕರಂಥವರು ಹಾಡಿದ ಭಕ್ತಿಗೀತೆಗಳ ಕ್ಯಾಸೆಟ್ಟುಗಳಿಂದ ವಾದ್ಯಮೇಳದ ತುಂಬುದನಿ ಮನೆಮನೆಯ ಕಿವಿಗೆ ಪರಿಚಿತವಾಗಿತ್ತು; ಎಡಗೈಯ ಕಾರ್ಡ್ಸ್ ಅಂಥ ತುಂಬುದನಿಯನ್ನು ಒಬ್ಬ ವಾದಕನ ಕೈಗೆ ತಂದಿತು. ಆಟೋ ಕಾರ್ಡ್ಸ್ ಸೌಲಭ್ಯ ಕಲಿಕೆಯನ್ನು ಇನ್ನಷ್ಟು ಸುಲಭವಾಗಿಸಿತು: ಕ್ಯಾಸಿಯೋದಲ್ಲಿ ಎಡಭಾಗದ ಒಂದು ಕೀ ಒತ್ತಿದರೆ ಮೇಜರ್, ಅದರ ಬಲಕ್ಕೆ ಯಾವುದಾದರೂ ಇನ್ನೊಂದನ್ನು ಸೇರಿಸಿದರೆ ಮೈನರ್. ಯಮಾಹಾದಲ್ಲಿ ಮೈನರ್‌ಗೆ ಪಕ್ಕದ ಎಡಗಡೆಯ ಕಪ್ಪು ಕೀ ಸೇರಿಸಬೇಕು.

ಈ ಸೌಲಭ್ಯಕ್ಕೆ ರಾಗದ ಅರಿವಿಲ್ಲ. ಮೋಹನದಲ್ಲಿ ತೊಂದರೆಯಿಲ್ಲ, ಷಡ್ಜದ ಮೇಜರ್ (ಸ ಗ ಪ), ಧೈವತದ ಮೈನರ್ (ಧ ಸ ಗ) ಎರಡೂ ರಾಗದೊಳಗಿನವೇ. ಮಾಯಾಮಾಳವಗೌಳದಲ್ಲಿ ಪಂಚಮದ ಮೇಜರ್ ಹಿಡಿದರೆ ಚತುಶ್ರುತಿ ರಿಷಭ ನುಸುಳಿ, ಹಾಡುವವರ ಶುದ್ಧ ರಿಷಭಕ್ಕೆ ಡಿಕ್ಕಿ ಹೊಡೆಯುತ್ತದೆ. ಭಜನೆಯ ಕೊನೆಗೆ ಮಧ್ಯಮಾವತಿಯಲ್ಲಿ ಮಂಗಳ ಹಾಡುವಾಗ ಎಡವಟ್ಟು ಎಲ್ಲಕ್ಕಿಂತ ಹೆಚ್ಚು. ಆ ರಾಗದಲ್ಲಿ ಗಾಂಧಾರವೇ ಇಲ್ಲ. ಷಡ್ಜಕ್ಕೆ ಮೇಜರ್ ಹಿಡಿದರೂ ಮೈನರ್ ಹಿಡಿದರೂ ಯಂತ್ರ ಒಂದು ಗಾಂಧಾರವನ್ನು ತಂದು ಸೇರಿಸುತ್ತದೆ. ಪಂಚಮದ ಮೈನರ್ (ಪ ನಿ ರಿ), ನಿಷಾದದ ಮೇಜರ್ (ನಿ ರಿ ಮ) ಮಾತ್ರ ಹೊಂದುತ್ತವೆ. ಹಾಡು ಷಡ್ಜಕ್ಕೆ ಬಂದು ನಿಂತಲ್ಲಿ ಆಟೋ ಕಾರ್ಡ್ಸ್ ನಿಲ್ಲಿಸಿ, ಸ ಮತ್ತು ಪ ಎರಡನ್ನಷ್ಟೇ ಹಿಡಿಯುವುದು ಸರಿಯಾದ ಕ್ರಮ.