ಸಹಿ ನಿಲ್ಲುವ ನೆಲ: ಎಜ್‌ಬಾಸ್ಟನ್ನಿನ ಬ್ಯಾಟು, ಚೆಂಡು ಮತ್ತು ಒಂದು ಹಾಳೆ ಕಾಗದ

ಕ್ರಿಕೆಟ್ಟಿನ ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಓಟಗಳ, ವಿಕೆಟ್ಟುಗಳ ಲೆಕ್ಕ. ಆ ಲೆಕ್ಕವೆಲ್ಲ ಅಚ್ಚಾದ ಪುಸ್ತಕಗಳಲ್ಲಿ ಭದ್ರವಾಗಿದೆ. ಅದಕ್ಕೆ ನಮ್ಮ ಕಾವಲು ಬೇಕಿಲ್ಲ. ಆದರೆ ಆಟ ನೋಡಲು ಹೋದವರು ಮನೆಗೆ ತಂದ ಇನ್ನೊಂದು ದಾಖಲೆಯಿದೆ. ಅದು ಆಟಗಾರನ ಹಸ್ತಾಕ್ಷರ. ಬ್ಯಾಟಿನ ಮೇಲೆ, ಚೆಂಡಿನ ಮೇಲೆ, ಟೋಪಿಯ ಮೇಲೆ, ಒಂದು ತುಂಡು ಕಾಗದದ ಮೇಲೆ ಬಿದ್ದ ಈ ಸಹಿಗಳಿಗೆ ಎರಡನೆಯ ಪ್ರತಿ ಇಲ್ಲ. ಅಳಿದರೆ ಅಳಿದ ಹಾಗೆಯೇ.

ಸಹಿಯೊಂದರ ಆಯುಸ್ಸು ಮೂರು ಸಂಗತಿಗಳನ್ನು ಅವಲಂಬಿಸಿದೆ: ಬರೆದ ಕೈ, ಬಳಸಿದ ಶಾಯಿ, ಸಹಿ ಬಿದ್ದ ಮೇಲ್ಮೈ. ಕೈ ಯಾರದೆಂದು ಎಲ್ಲರೂ ವಿಚಾರಿಸುತ್ತಾರೆ. ಪೆನ್ನು ಯಾವುದೆಂದು ಕೆಲವರು ನೋಡುತ್ತಾರೆ. ಮೂರನೆಯದನ್ನು ಕೇಳುವವರೇ ಇಲ್ಲ. ಬೀಜ ಎಷ್ಟೇ ಉತ್ತಮವಾಗಿದ್ದರೂ ನೆಲ ಒಗ್ಗದಿದ್ದರೆ ಬೆಳೆ ಬಾರದು ಎಂಬುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಹಿಯ ವಿಷಯದಲ್ಲೂ ನ್ಯಾಯ ಅದೇ.

ಎಜ್‌ಬಾಸ್ಟನ್ನಿನಲ್ಲಿ ಕನ್ನಡಿಗರು

ವಾರ್ವಿಕ್‌ಷೈರ್ ಕ್ಲಬ್ಬಿನ ಎಜ್‌ಬಾಸ್ಟನ್ ಮೈದಾನ ಆರಂಭವಾದದ್ದು 1886ರಲ್ಲಿ; ಮೊದಲ ಟೆಸ್ಟ್ ನಡೆದದ್ದು 1902ರಲ್ಲಿ. ಭಾರತ ತಂಡ ಇಲ್ಲಿ ಮೊದಲ ಟೆಸ್ಟ್ ಆಡಿದ್ದು 1967ರ ಜುಲೈನಲ್ಲಿ. ಆ ಪಂದ್ಯದಲ್ಲಿ ಭಾರತ ಸೋತಿತು. ಆದರೂ ಅದಕ್ಕೊಂದು ವಿಶೇಷ ಸ್ಥಾನವಿದೆ. ಪ್ರಸನ್ನ, ಚಂದ್ರಶೇಖರ್, ಬೇಡಿ, ವೆಂಕಟರಾಘವನ್ ಈ ನಾಲ್ವರು ಸ್ಪಿನ್ ಬೌಲರುಗಳೂ ಒಟ್ಟಿಗೆ ಆಡಿದ ಟೆಸ್ಟ್ ಜಗತ್ತಿನಲ್ಲಿ ಅದೊಂದೇ. ನಾಲ್ವರಲ್ಲಿ ಇಬ್ಬರು ನಮ್ಮವರು. ಅಂದಿನ ಮೈಸೂರು ರಾಜ್ಯದ ಆಟಗಾರರು. ಅದೇ ತಂಡದಲ್ಲಿ ಮುಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಕೂಡ ಇದ್ದರು. ಮುಂದೆ ಅವರು ಸ್ಕಾಟ್ಲೆಂಡಿನಲ್ಲಿ ನೆಲೆಸಿ, ನಮ್ಮ ಹಾಗೆಯೇ ಈ ದೇಶದವರಾದರು.

ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಬೌಲಿಂಗ್ ಮಾಡಿ ಜಗತ್ತನ್ನು ಬೆರಗುಗೊಳಿಸಿದ ಚಂದ್ರಶೇಖರ್ ತಮ್ಮ ಕೊನೆಯ ಟೆಸ್ಟ್ ಆಡಿದ್ದೂ ಎಜ್‌ಬಾಸ್ಟನ್ನಿನಲ್ಲೇ, 1979ರ ಜುಲೈನಲ್ಲಿ. ಅದೇ ಪಂದ್ಯದಲ್ಲಿ ಜಿ. ಆರ್. ವಿಶ್ವನಾಥ್ ಎರಡು ಇನ್ನಿಂಗ್ಸುಗಳಲ್ಲಿ 78 ಮತ್ತು 51 ಓಟ ಗಳಿಸಿದರು. 1996ರ ಜೂನ್‌ನಲ್ಲಿ ಭಾರತದ ಹನ್ನೊಂದು ಮಂದಿಯಲ್ಲಿ ನಾಲ್ವರು ಕರ್ನಾಟಕದವರು: ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ಗದಗಿನ ಸುನಿಲ್ ಜೋಶಿ. ಕೊನೆಯ ಇಬ್ಬರಿಗೂ ಅದು ಮೊದಲ ಟೆಸ್ಟ್. ಇಷ್ಟೆಲ್ಲ ಆದರೂ ಇಲ್ಲಿ ಟೆಸ್ಟ್ ಗೆಲ್ಲಲು ಭಾರತ 58 ವರ್ಷ ಕಾಯಬೇಕಾಯಿತು. 2025ರ ಜುಲೈನಲ್ಲಿ 336 ಓಟಗಳಿಂದ ಗೆದ್ದ ತಂಡದಲ್ಲಿ ಕೆ. ಎಲ್. ರಾಹುಲ್, ಕರುಣ್ ನಾಯರ್, ಪ್ರಸಿದ್ಧ್ ಕೃಷ್ಣ ಇದ್ದರು.

ಈ ಎಲ್ಲ ವರ್ಷಗಳಲ್ಲಿ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ಗಳ ನಮ್ಮ ಜನ ಪಂದ್ಯ ನೋಡಲು ಹೋಗುತ್ತಲೇ ಇದ್ದಾರೆ. ಬುತ್ತಿಯ ಚೀಲದ ಜೊತೆಗೆ ಒಂದು ಪೆನ್ನೂ ಇರುತ್ತಿತ್ತು. ಆ ಪೆನ್ನು ಎಲ್ಲಿ ಬರೆಯಿತು ಎಂಬುದೇ ಇಲ್ಲಿಯ ಪ್ರಶ್ನೆ.

ಲೇಖನಿಯ ಊರು

ಈ ಪ್ರಶ್ನೆ ಕೇಳಲು ಬರ್ಮಿಂಗ್‌ಹ್ಯಾಮಿಗಿಂತ ಯೋಗ್ಯವಾದ ಊರು ಇನ್ನೊಂದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತು ಬಳಸಿದ ಉಕ್ಕಿನ ನಿಬ್ಬುಗಳಲ್ಲಿ ಬಹುಪಾಲು ತಯಾರಾದದ್ದು ಇಲ್ಲಿಯೇ. ನಿಬ್ಬಿನ ವ್ಯಾಪಾರದಲ್ಲಿ ಶ್ರೀಮಂತನಾದ ಜೋಸೆಫ್ ಗಿಲಟ್ ವಾಸವಿದ್ದದ್ದು ಎಜ್‌ಬಾಸ್ಟನ್ನಿನಲ್ಲಿ. ಇನ್ನೊಬ್ಬ ನಿಬ್ಬಿನ ದೊರೆ ಜೊಸೈಯಾ ಮೇಸನ್ ಸ್ಥಾಪಿಸಿದ ವಿಜ್ಞಾನ ಕಾಲೇಜೇ ಮುಂದೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

ಉಕ್ಕಿನ ನಿಬ್ಬಿಗೂ ಇಂಕ್ ಪೆನ್ನಿಗೂ ಒಗ್ಗುವ ನೆಲ ಒಂದೇ: ಒಳ್ಳೆಯ ಕಾಗದ. ಬರೆಯುವ ಕಾಗದಕ್ಕೆ ತೆಳುವಾಗಿ ಅಂಟು ಹಾಕಿರುತ್ತಾರೆ. ಅದರಿಂದ ನೀರಿನಂಥ ಶಾಯಿ ಹರಡದೆ, ಎಷ್ಟು ಬೇಕೋ ಅಷ್ಟೇ ಒಳಗಿಳಿದು ನಿಲ್ಲುತ್ತದೆ. ಹಳೆಯ ನೀಲಿ-ಕಪ್ಪು ಶಾಯಿಗಳಲ್ಲಿ ಹಲವಕ್ಕೆ ಕಬ್ಬಿಣದ ಲವಣ ಸೇರಿರುತ್ತಿತ್ತು. ಅದು ಗಾಳಿ ತಾಕಿ ಕಪ್ಪಾಗುತ್ತಾ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಆಗ ಸಹಿಗೆ ಮೇಜು ಬೇಕಿತ್ತು, ಕೈಗೆ ಆಸರೆ ಬೇಕಿತ್ತು, ಒಣಗಲು ಸಮಯ ಬೇಕಿತ್ತು. ಪ್ರವಾಸಿ ತಂಡದ ಆಟಗಾರರು ಒಂದೇ ಹಾಳೆಯಲ್ಲಿ ಸಾಲಾಗಿ ಸಹಿ ಹಾಕಿಕೊಡುವ ರೂಢಿ ಹೀಗೆ ಬೆಳೆಯಿತು. ಆ ಹಾಳೆಗಳಲ್ಲಿ ಹೆಸರನ್ನು ಅಕ್ಷರ ಅಕ್ಷರವಾಗಿ ಓದಬಹುದು.

1938ರಲ್ಲಿ ಹಂಗೇರಿಯ ಲಾಸ್ಲೋ ಬಿರೋ ಬಾಲ್‌ಪೆನ್ನಿಗೆ ಪೇಟೆಂಟ್ ಪಡೆದ. ಅವನ ಹೆಸರೇ ಈ ದೇಶದಲ್ಲಿ ಪೆನ್ನಿನ ಹೆಸರಾಯಿತು. 1960ರ ದಶಕದಲ್ಲಿ ಜಪಾನಿನಿಂದ ನಾರಿನ ಮೊನೆಯ ಪೆನ್ನು ಬಂತು. ಹಿಂದೆಯೇ ಯಾವ ಮೇಲ್ಮೈಗೂ ಹಿಡಿಯುವ ಮಾರ್ಕರ್ ಪೆನ್ನುಗಳು ಬಂದವು. ಮೇಜಿನ ಹಂಗು ಅಲ್ಲಿಗೆ ತೀರಿತು. ಬೇಲಿಯಾಚೆಯಿಂದ ಚಾಚಿದ ಬ್ಯಾಟು, ಚೆಂಡು, ಅಂಗಿ ಎಲ್ಲವೂ ಸಹಿಯ ಹಾಳೆಯಾದವು. ಸಹಿಯೂ ಮೊಟಕಾಯಿತು. ನಿಂತಲ್ಲೇ, ಆಸರೆಯಿಲ್ಲದ ಮಣಿಕಟ್ಟಿನಿಂದ, ಜಾರುವ ಮೇಲ್ಮೈಯ ಮೇಲೆ ಬರೆದಾಗ ಮೊದಲಕ್ಷರವೊಂದು ನಿಂತು ಉಳಿದವು ಒಂದು ಗೀಟಾಗಿ ಓಡುತ್ತವೆ. ಆಟಗಾರರ ಬರಹ ಕೆಟ್ಟಿತೆಂದು ದೂರುವವರು ಪಾಪ, ಅವರ ಕೈಗೆ ಎಂಥ ನೆಲ ಕೊಟ್ಟೆವೆಂಬುದನ್ನೂ ನೋಡಬೇಕು. ವೈದ್ಯರ ಬರಹದ ಬಗ್ಗೆ ಇಂಥ ರಿಯಾಯಿತಿ ಯಾರೂ ಕೊಡುವುದಿಲ್ಲ ಎನ್ನುವುದು ಬೇರೆ ಮಾತು!

ನಮ್ಮ ಹಿರಿಯರು ಬಲ್ಲ ಮಾತು

ಬರೆಯುವ ನೆಲಕ್ಕೆ ತಕ್ಕಂತೆ ಬರಹ ಬಾಗುತ್ತದೆಂಬುದು ಕನ್ನಡಿಗರಿಗೆ ಹೊಸತಲ್ಲ. ಓಲೆಗರಿಯ ಮೇಲೆ ಲೋಹದ ಕಂಟದಿಂದ ಕೊರೆಯುವಾಗ ಉದ್ದುದ್ದದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ನಮ್ಮ ಅಕ್ಷರಗಳು ದುಂಡಾಗಲು ಇದೂ ಒಂದು ಕಾರಣವೆಂದು ವಿದ್ವಾಂಸರು ಹೇಳುತ್ತಾರೆ. ಕೊರೆದ ಗೀರಿಗೆ ಕಾಡಿಗೆ ಮಸಿ ತೀಡಿದರೆ ಅಕ್ಷರ ಎದ್ದು ಕಾಣುತ್ತದೆ. ಮಸಿ ಮಾಸಿದರೂ ಗೀರು ಉಳಿಯುತ್ತದೆ, ಮತ್ತೆ ತೀಡಿದರಾಯಿತು. ಇದಕ್ಕೆ ತದ್ವಿರುದ್ಧ ನಮ್ಮ ಕಡತ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಬೇಕೆಂದಾಗ ಒರೆಸಬಹುದಿತ್ತು. ಕರ್ನಾಟಕದ ಕಚೇರಿಗಳಲ್ಲಿ ಫೈಲಿಗೆ ಇಂದಿಗೂ ಕಡತವೆಂದೇ ಹೆಸರು.

ಇನ್ನೊಂದು ಉದಾಹರಣೆ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಸ್ಥಾಪನೆಯಾದ ಅರಗು ಮತ್ತು ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿಯನ್ನು ಒದಗಿಸುತ್ತಾ ಬಂದಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಬೆಳಕು ಬಿದ್ದಾಗ ಕಪ್ಪಾಗುವ ಬೆಳ್ಳಿಯ ಲವಣ. ಬೆರಳಿನ ಚರ್ಮದ ಮೇಲಿನ ಗುರುತು, ಚರ್ಮದ ಹೊರಪದರ ಉದುರಿದಂತೆ, ಕೆಲವೇ ವಾರಗಳಲ್ಲಿ ಹೋಗುತ್ತದೆ. ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಸುವವರೆಗೆ ತಿಂಗಳುಗಟ್ಟಲೆ ಇರುತ್ತದೆ. ಒಂದೇ ಶೀಶೆಯ ಶಾಯಿ, ಒಂದೇ ಬೆರಳು. ಆದರೆ ನೆಲ ಎರಡು, ಆಯುಸ್ಸೂ ಎರಡು.

ಮರ, ತೊಗಲು, ಬಟ್ಟೆ

ಈಗ ಬ್ಯಾಟಿಗೆ ಬರೋಣ. ವಿಲೋ ಮರ ಹಗುರ, ಮೃದು, ನಾರು ನಾರಾಗಿರುತ್ತದೆ. ಬಣ್ಣ ಬಳಿಯದ ಮರದ ಮೇಲೆ ತೆಳು ಶಾಯಿ ಬಿದ್ದರೆ ಅದು ನಾರಿನ ದಾರಿ ಹಿಡಿದು ಹರಿಯುತ್ತದೆ. ಅಕ್ಷರದ ಅಂಚು ಮಸುಕಾಗುತ್ತದೆ. ಬಾಲ್‌ಪೆನ್ನು ಅಷ್ಟು ಹರಡುವುದಿಲ್ಲ. ಆದರೆ ಅದರ ಬಣ್ಣಕ್ಕೆ ಬೇರೆ ಶಾಪವಿದೆ. ನೀಲಿ ಬಾಲ್‌ಪೆನ್ನಿನ ಶಾಯಿಯಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಕ್ರಿಸ್ಟಲ್ ವಯಲೆಟ್, ನಾವು ವೈದ್ಯರು ಜೆನ್ಷಿಯನ್ ವಯಲೆಟ್ ಎಂಬ ಹೆಸರಿನಲ್ಲಿ ಬಲ್ಲ ಬಣ್ಣವೇ. ಒಂದು ಕಾಲದಲ್ಲಿ ಊರಿನ ಆಸ್ಪತ್ರೆಗಳಲ್ಲಿ ಮಕ್ಕಳ ಗಾಯಕ್ಕೆ ಹಚ್ಚುತ್ತಿದ್ದ ನೇರಳೆ ಔಷಧಿ ಅದು. ಬಿಸಿಲಿಗೆ ಈ ಬಣ್ಣ ನಿಲ್ಲುವುದಿಲ್ಲ. ಅದೇ ಬಿಸಿಲಿಗೆ ಮರ ಹಳದಿಯಾಗುತ್ತಾ ಹೋಗುತ್ತದೆ. ಅಕ್ಷರ ತಿಳಿಯಾಗಿ, ಹಿನ್ನೆಲೆ ಗಾಢವಾಗಿ, ಕೊನೆಗೆ ಎರಡೂ ಒಂದಾಗುತ್ತವೆ.

ಆದರೂ ಮರದಲ್ಲೊಂದು ಉಪಕಾರ ಬುದ್ಧಿಯಿದೆ. ಮೃದು ಮರದಲ್ಲಿ ಬಾಲ್‌ಪೆನ್ನಿನ ಗುಂಡು ತಗ್ಗು ಮಾಡಿರುತ್ತದೆ. ಬಣ್ಣ ಹೋದ ಮೇಲೂ ಕತ್ತಲ ಕೋಣೆಯಲ್ಲಿ ಬ್ಯಾಟಿನ ಪಕ್ಕದಿಂದ ಟಾರ್ಚ್ ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ ಆ ತಗ್ಗಿನಲ್ಲಿ ನೆರಳು ಬಿದ್ದು ಹೆಸರು ಕಾಣಬಹುದು. ಓಲೆಗರಿಯ ನ್ಯಾಯವೇ ಇಲ್ಲಿಯೂ. ಒತ್ತಡವಿಲ್ಲದೆ ಬರೆಯುವ ಮಾರ್ಕರ್ ಪೆನ್ನು ಈ ಉಪಕಾರ ಮಾಡುವುದಿಲ್ಲ. ಹಾಗೆಯೇ ಕಾರ್ಖಾನೆಯಲ್ಲೇ ಅಚ್ಚಾದ ಆಟಗಾರನ ಹೆಸರನ್ನು ಸಹಿಯೆಂದು ತಿಳಿಯುವವರಿಗೂ ಈ ಪರೀಕ್ಷೆ, ಜೊತೆಗೊಂದು ಭೂತಗನ್ನಡಿ, ನೆರವಾಗುತ್ತದೆ.

ಚೆಂಡಿನದು ಇನ್ನೂ ಕಷ್ಟ. ಕೆಂಪು ಚೆಂಡಿನ ತೊಗಲು ಬಣ್ಣ ಹಾಕಿ, ಮೆರುಗು ಕೊಟ್ಟು ಸಿದ್ಧವಾಗಿರುತ್ತದೆ. ಶಾಯಿ ಒಳಗಿಳಿಯಲು ದಾರಿಯಿಲ್ಲ. ನೀಲಿ, ಕಪ್ಪು ಬಣ್ಣ ಕೆಂಪಿನ ಮೇಲೆ ಕಾಣುವುದೂ ಇಲ್ಲ. ಬೆಳ್ಳಿ, ಚಿನ್ನದ ಬಣ್ಣದ ಪೆನ್ನು ಬಳಸಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಮೇಲೆ ಕುಳಿತ ಲೇಪವಷ್ಟೇ. ಕೈಯಿಂದ ಕೈಗೆ ದಾಟುವಾಗ ಉದುರುತ್ತದೆ. 1999ರ ವಿಶ್ವಕಪ್ಪಿನಲ್ಲಿ ಭಾರತ ಇದೇ ಮೈದಾನದಲ್ಲಿ ಇಂಗ್ಲೆಂಡನ್ನು ಸೋಲಿಸಿತು. ರಾಹುಲ್ ದ್ರಾವಿಡ್ 53 ಓಟ ಗಳಿಸಿದ ಪಂದ್ಯ ಅದು. ಆಗ ಬಳಸಿದ್ದು ಬಿಳಿ ಚೆಂಡು. 2017ರಲ್ಲಿ ಇಂಗ್ಲೆಂಡಿನ ನೆಲದ ಮೊದಲ ಹಗಲು-ರಾತ್ರಿ ಟೆಸ್ಟ್ ಇಲ್ಲಿಯೇ ಗುಲಾಬಿ ಚೆಂಡಿನಲ್ಲಿ ನಡೆಯಿತು. ಬಿಳಿಯ ಮೇಲೆ ಸಹಿ ಸೊಗಸಾಗಿ ಕಾಣುವುದು ನಿಜ. ಆದರೆ ಹೊರ ಲೇಪದ ಮೇಲೆ ನಿಂತ ಸಹಿ ಆ ಲೇಪ ಇರುವವರೆಗೆ ಮಾತ್ರ.

ಅಂಗಿ, ಟೋಪಿಗಳಲ್ಲಿ ಶಾಯಿ ನೂಲಿನಿಂದ ನೂಲಿಗೆ ಹಬ್ಬುತ್ತದೆ. ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯದಿದ್ದರೆ ಅಕ್ಷರ ಮುರಿಯುತ್ತದೆ. ಹೊಳೆಯುವ ಫೋಟೋಗಳ ಮೇಲೆ ಇಂಕ್ ಪೆನ್ನಿನ ಶಾಯಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಗಟ್ಟುತ್ತದೆ, ಬಾಲ್‌ಪೆನ್ನು ಜಾರುತ್ತದೆ. ಮಾರ್ಕರ್ ಪೆನ್ನು ಹಿಡಿಯುತ್ತದೆಯಾದರೂ, ಮೆತ್ತನೆಯ ಪಿ.ವಿ.ಸಿ. ಪ್ಲಾಸ್ಟಿಕ್ ಹೊದಿಕೆಯ ಆಲ್ಬಮ್ಮಿಗೆ ಹಾಕಿದರೆ ಸಹಿ ಕ್ರಮೇಣ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಹೋಗುವುದುಂಟು.

ಹೀಗೆ ನೋಡುತ್ತಾ ಹೋದರೆ ನಾವು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆರೆಸುವ ಬ್ಯಾಟು, ಚೆಂಡುಗಳಿಗಿಂತ ಯಾವುದೋ ಲಕೋಟೆಯಲ್ಲಿ ಮರೆತುಹೋದ ಹಾಳೆಯೇ ಗಟ್ಟಿ. ಪಂದ್ಯದ ಸ್ಕೋರ್‌ಕಾರ್ಡಿನ ಮೇಲೆ ಬರೀ ಪೆನ್ಸಿಲ್ಲಿನಲ್ಲಿ ಹಾಕಿದ ಸಹಿಗಂತೂ ಬೆಳಕಿನ ಭಯವೇ ಇಲ್ಲ. ಪೆನ್ಸಿಲ್ಲಿನ ಕಡ್ಡಿ ಇಂಗಾಲ, ಅದು ಮಾಸುವ ಬಣ್ಣವಲ್ಲ. ಉಜ್ಜದೆ ಇಟ್ಟರೆ ಸಾಕು.

ಮನೆಮನೆಯಲ್ಲಿ ಆಗಬೇಕಾದ ಕೆಲಸ

1960, 70ರ ದಶಕಗಳಲ್ಲಿ ಈ ದೇಶಕ್ಕೆ ಬಂದ ನಮ್ಮ ಹಿರಿಯರ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿರುವ ಕಾಲ ಇದು. ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವವರು, ಮಕ್ಕಳ ಊರಿಗೆ ಹೋಗುವವರು, ನಮ್ಮನ್ನೇ ಅಗಲಿದವರು. ಅಟ್ಟ ಖಾಲಿ ಮಾಡಲು ಬಂದ ಮಕ್ಕಳು ಬ್ಯಾಟನ್ನು ಎತ್ತಿಡುತ್ತಾರೆ, ಹಳೇ ಕಾಗದದ ಕಟ್ಟನ್ನು ಮರುಬಳಕೆಯ ಡಬ್ಬಿಗೆ ಹಾಕುತ್ತಾರೆ. ಆ ಕಟ್ಟಿನೊಳಗೆ 1967ರ ಆ ನಾಲ್ವರ ಸಹಿಯಿದ್ದ ಹಾಳೆ ಇದ್ದರೆ? ಅದರ ಬೆಲೆಯ ಮಾತಲ್ಲ ಇದು. ಪರದೇಶದಲ್ಲಿ ಇನ್ನೂ ಬೇರು ಬಿಡದ ದಿನಗಳಲ್ಲಿ, ರಜೆ ಹೊಂದಿಸಿಕೊಂಡು, ಚಳಿಯಲ್ಲಿ ಸಾಲಿನಲ್ಲಿ ನಿಂತು, ನಮ್ಮೂರ ಹುಡುಗನೊಬ್ಬನನ್ನು ಕನ್ನಡದಲ್ಲಿ ಮಾತನಾಡಿಸಿದವರ ಬಾಳಿಗೆ ಅದು ಸಾಕ್ಷಿ. ಅವರ ಹೆಸರು ಯಾವ ಸ್ಕೋರ್ ಪುಸ್ತಕದಲ್ಲೂ ಇಲ್ಲ.

ಆದ್ದರಿಂದ ಓದುಗರಲ್ಲಿ ಕೆಲವು ವಿನಂತಿಗಳು. ಸಹಿಯಿರುವ ವಸ್ತುವನ್ನು ಕಿಟಕಿಯ ಬಿಸಿಲಿಗೂ ರೇಡಿಯೇಟರಿನ ಮೇಲೂ ಇಡಬೇಡಿ. ಅಟ್ಟದ ತೇವ ಕಾಗದಕ್ಕೆ ಶತ್ರು. ಮಲಗುವ ಕೋಣೆಯ ಬೀರುವೇ ಲೇಸು. ಹಾಳೆಯನ್ನು ಲ್ಯಾಮಿನೇಟ್ ಮಾಡಿಸಬೇಡಿ. ಆಮ್ಲರಹಿತ ಕಾಗದದ ಲಕೋಟೆಯಲ್ಲಿಡಿ. ಸಹಿ ಬಿದ್ದ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚಬೇಡಿ, ಶಾಯಿ ಕದಡೀತು. ಮಾಸಿದ ಸಹಿಯ ಮೇಲೆ ಯಾರೂ ತಿದ್ದಬಾರದು; ತಿದ್ದಿದ ಮರುಕ್ಷಣ ಅದು ಆಟಗಾರನ ಸಹಿಯಲ್ಲ, ತಿದ್ದಿದವನದು. ಈಗಲೇ ಒಂದು ಒಳ್ಳೆಯ ಚಿತ್ರ ತೆಗೆದಿಟ್ಟುಕೊಳ್ಳಿ.

ಕೊನೆಯದಾಗಿ, ಹಿರಿಯರು ನಮ್ಮೊಡನೆ ಇರುವಾಗಲೇ ಕೇಳಿ, ಯಾರ ಸಹಿ, ಯಾವ ವರ್ಷ, ಯಾವ ಪಂದ್ಯ, ಯಾರು ಹಾಕಿಸಿಕೊಂಡರು ಎಂಬ ನಾಲ್ಕು ಮಾತನ್ನು ಬೇರೊಂದು ಕಾಗದದಲ್ಲಿ ಪೆನ್ಸಿಲ್ಲಿನಿಂದ ಬರೆದು ಅದರ ಜೊತೆಗಿಡಿ. ಕನ್ನಡದಲ್ಲೇ ಬರೆಯಿರಿ. ಮೊಮ್ಮಕ್ಕಳು ಅದನ್ನು ಓದಲು ಕಷ್ಟಪಟ್ಟರೆ, ಕಲಿಯಲು ಅವರಿಗೊಂದು ಕಾರಣವಾದರೂ ಸಿಕ್ಕೀತು.