ಅಜ್ಜನ ಕ್ಯಾಮೆರಾ, ಚಪಾತಿ ಸುತ್ತುವ ಫಾಯಿಲ್ (ಭಾಗ 4)

ಕಳೆದ ಪೋಸ್ಟ್‌ನ ಯಾಶಿಕಾ ನೆನಪುಂಟಲ್ವಾ? ಅದನ್ನು ರಿಪೇರಿ ಮಾಡಿದ ಸಾಮಾನು ಇವತ್ತಿನ ಫೋಟೋದಲ್ಲಿ ಉಂಟು: ವಿನೆಗರ್, ಇಯರ್ ಬಡ್, ಕಪ್ಪು ಉಲ್ಲನ್ ನೂಲು, ಚಪಾತಿ ಸುತ್ತುವ ಫಾಯಿಲ್. ಒಂದೂ ಕ್ಯಾಮೆರಾ ಅಂಗಡಿಯದ್ದಲ್ಲ.

1️⃣ ಸ್ವಲ್ಪ ಹಿಂದೆ ಹೋಗುವ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮೊದಲ ಕೊಡಾಕ್ ಕ್ಯಾಮೆರಾ ಮಾರಿದ. ಬೆಲೆ 25 ಡಾಲರ್, ಒಳಗೆ 100 ಫೋಟೋದ ಫಿಲ್ಮ್. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕಿತ್ತು. ಅವರೇ ತೆರೆದು, ಫೋಟೋ ತೊಳೆದು, ಹೊಸ ಫಿಲ್ಮ್ ಹಾಕಿ ಕೊಡ್ತಿದ್ರು. ಒಳಗೆ ಕೈ ಹಾಕುವುದು ನಮ್ಮ ಕೆಲಸ ಅಲ್ಲ ಅನ್ನುವ ಅಭ್ಯಾಸ ಅಷ್ಟು ಹಳೇದು. ಆದ್ರೆ ಕಂಪನಿ ಕೈಬಿಟ್ಟ ಮೇಲೆ ಎಂತ ಮಾಡುವುದು?

2️⃣ ಯಾಶಿಕಾ ಎಲೆಕ್ಟ್ರೋ 35 ಜಪಾನಿನಲ್ಲಿ ಬಂದದ್ದು 1966ರಲ್ಲಿ. ಬೆಳಕು ನೋಡಿ, ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಅದೇ ಲೆಕ್ಕ ಹಾಕ್ತದೆ. ನಮ್ಮ ಅಜ್ಜ ಅದನ್ನು ಬಹ್ರೈನ್‌ನಿಂದ ತಂದದ್ದು. ಅದಕ್ಕೆ 5.6 ವೋಲ್ಟಿನ ಮರ್ಕ್ಯುರಿ ಬ್ಯಾಟರಿ ಬೇಕು. ಪಾದರಸ ವಿಷ ಅಂತ 1990ರ ದಶಕದಲ್ಲಿ ಅಮೆರಿಕ, ಯುರೋಪಿನಲ್ಲಿ ಅಂಥ ಬ್ಯಾಟರಿ ನಿಂತುಹೋಯ್ತು. ಕ್ಯಾಮೆರಾ ಮಾತ್ರ ಉಳಿಯಿತು.

3️⃣ ಉಪಾಯ ಹುಟ್ಟಿದ್ದು ಜನರ ಮನೆಗಳಲ್ಲಿ. ಈಗ ಸಿಗುವ 6 ವೋಲ್ಟಿನ 4ಎಲ್‌ಆರ್44 ಬ್ಯಾಟರಿ ಸಪೂರ, ಗಿಡ್ಡ. ಸುತ್ತ ಕಾಗದ ಸುತ್ತಿದ್ರೆ ದಪ್ಪ ಸರಿಯಾಗ್ತದೆ, ತುದಿಗೆ ಫಾಯಿಲ್ ಉಂಡೆ ಇಟ್ರೆ ಉದ್ದ ಸರಿಯಾಗ್ತದೆ. ಫಾಯಿಲ್ ಬದಿಗೆ ತಾಗಬಾರದು, ಶಾರ್ಟ್ ಆಗ್ತದೆ. ಕಿಲುಬು ಹಿಡಿದ ಜಾಗಕ್ಕೆ ಇಯರ್ ಬಡ್‌ನಲ್ಲಿ ವಿನೆಗರ್. ಹಿಂಬಾಗಿಲಿನ ಫೋಮ್ ಕರಗಿ ಅಂಟಂಟಾಗಿತ್ತು, ಆ ಸಂದಿಗೆ ಬೆಳಕು ನುಗ್ಗದ ಹಾಗೆ ಕಪ್ಪು ನೂಲು. (ಹಳೇ ಮರ್ಕ್ಯುರಿ ಬ್ಯಾಟರಿ ಸಿಕ್ಕಿದ್ರೆ ಬರಿಗೈಲಿ ಮುಟ್ಟಬೇಡಿ, ಕಸಕ್ಕೂ ಹಾಕಬೇಡಿ.)

4️⃣ ಈಗ ನನಗೆ ಬೇಜಾರಾದ ವಿಷಯ. ಬ್ಯಾಟರಿ ಸತ್ತರೂ ಈ ಕ್ಯಾಮೆರಾ ನಿಲ್ಲುವುದಿಲ್ಲ. ಟಕ್ ಅಂತ ಶಬ್ದ ಮಾಡ್ತದೆ, ಆದ್ರೆ ಪ್ರತಿ ಫೋಟೋವನ್ನೂ ಸೆಕೆಂಡಿನ 1/500 ಭಾಗದಲ್ಲೇ ತೆಗೀತದೆ. ಬಿಸಿಲಲ್ಲಿ ಅಷ್ಟು ಸಾಕು, ಮನೆಯೊಳಗೆ ಬರೀ ಕತ್ತಲೆ. ನಮ್ಮ ಆಲ್ಬಮ್‌ನಲ್ಲಿ ಒಂದು ಪುಟದಿಂದ ಮುಂದೆ ಒಳಗೆ ತೆಗೆದ ಫೋಟೋ ಎಲ್ಲ ಕಪ್ಪು, ಅಮ್ಮನ ನಿಶ್ಚಿತಾರ್ಥದ್ದೂ ಸೇರಿ. "ಅಜ್ಜನಿಗೆ ಕಣ್ಣು ಕಾಣುದಿಲ್ಲ" ಅಂತ ಮನೆಯಲ್ಲಿ ಎಲ್ಲರೂ ತಮಾಷೆ ಮಾಡ್ತಿದ್ರು. ಆಮೇಲೆ ಅಜ್ಜ ಕ್ಯಾಮೆರಾ ಮುಟ್ಟಲಿಲ್ಲ. ನಿಜ ಸಂಗತಿ ಗೊತ್ತಾಗುವ ಮೊದಲೇ ತೀರಿಕೊಂಡ್ರು.

5️⃣ ನಮ್ಮ ಬಿಕಾಂ ಲೆಕ್ಕದಲ್ಲಿ ಡಿಪ್ರಿಸಿಯೇಷನ್ ಕಳೆದು ಈ ಕ್ಯಾಮೆರಾದ ಬೆಲೆ ಯಾವತ್ತೋ ಸೊನ್ನೆ. ಮೊನ್ನೆ ಕೊಡಿಯಾಲ್‌ಬೈಲ್‌ನ ನಮ್ಮ ಮನೆ ಒಳಗೇ ಕೂರಿಸಿ ಅಜ್ಜಿಯ ಫೋಟೋ ತೆಗೆದೆ. ತೊಳೆದು ಬಂತು, ಮುಖ ಸ್ಪಷ್ಟ ಉಂಟು. ಬ್ಯಾಟರಿ ಕಥೆ ಹೇಳಿದೆ. ಅಜ್ಜಿ ತುಂಬ ಹೊತ್ತು ಫೋಟೋ ನೋಡಿ, "ಹಾಗಾದ್ರೆ ಅವರದ್ದು ತಪ್ಪಲ್ಲ" ಅಂದ್ರು.

ನಿಮ್ಮ ಅಟ್ಟದಲ್ಲೂ ಹಳೇ ಕ್ಯಾಮೆರಾ ಇದ್ರೆ ಗುಜರಿಗೆ ಕೊಡುವ ಮೊದಲು ಬ್ಯಾಟರಿ ಮುಚ್ಚಳ ತೆರೆದು ನೋಡಿ ಮಾರಾಯ್ರೆ. ಮುಂದಿನ ಭಾಗ: ಮಳೆಗಾಲ, ಲೆನ್ಸ್, ಫಂಗಸ್.

#ಹಳೇಕ್ಯಾಮೆರಾ #ಕುಡ್ಲ